ಕೀಲಿ ನಿನ್ನ ಕೈಯಾಗ ಇರಲಿ

…ಅಲ್ಲಬೇ, ಹಂಗಲ್ಲ! ಮೊದಲ ಸೆರಗ ಸೊಂಟಕ್ಕ ಸಿಗಸು. ಗಟ್ಟಿ. ಇನ್ನೂ ಗಟ್ಟಿ! ಇದೇನ ನಿಮ್ಮ ಕಳ್ಳಕವಟಗಿ ಊರಿನ ಹೊಲ ಅಲ್ಲ, ಕುಡಗೋಲ ಹಿಡಕೊಂಡ ಹಾಡ ಹೇಳಕೋತ ಕುಂದ್ರಾಕ. ಹುಲ್ಲ ಕೊಯ್ಯೂ ಗಾಡಿ ಇದು. ಹೊಟ್ಟಿ ಕೆಳಗ ಬ್ಲೇಡ ತಿರಗತಾವ, ಕಣ್ಣಿಗಿ ಕಾಣಂಗಿಲ್ಲ. ಅದಕ್ಕ ಸೆರಗೂ ಒಂದ, ಹುಲ್ಲೂ ಒಂದ, ಕಾಲೂ ಒಂದ…

ಯಾಕ ಮಾರಿ ತಿರವಿದಿ? ಕಾಲ ಅಂದಿದ್ದಕ್ಕ? ಅನ್ನಬೇಕಾಗತೈತಿ ನಿರ್ಮಲಾ! ಕಲಸಾಂವ ಎಲ್ಲಾ ಹೇಳಬೇಕಾಗತೈತಿ. ನಿನ್ನ ಗಂಡಗೂ ಹೇಳಿದ್ದೆ. ಮಾಳು, ಹಿಂಗ ಮಾಡು, ಹಂಗ ಮಾಡಬ್ಯಾಡ… ಕೇಳಿದನ? ಕೇಳಿದ್ದರ ಇವತ್ತ ನಿನ್ನ ಜಾಗಾದಾಗ ಅಂವಾ ಕುಂತಿರತಿದ್ದ, ನೀ ಮನ್ಯಾಗ ರೊಟ್ಟಿ ಬಡೀತಿದ್ದಿ.

ಬೂಟ ಹಾಕ್ಕೊ. ಚಪ್ಪಲಿ ಮ್ಯಾಲ ಈ ಗಾಡಿ ಹತ್ತಬಾರದು. ಹೊಸಾವ ಅದಾವ ನೋಡು, ಡಬ್ಬಿ ವಾಸನಿ ಇನ್ನೂ ಹೋಗಿಲ್ಲ. ಮಾಳೂನ ಅಳತಿಗೇ ತರಿಸಿದ್ದು. ಅಂವಾ ದವಾಖಾನಿಗೆ ಹ್ವಾದ ಮ್ಯಾಲ ಬಂದ್ವು, ಏನ ಮಾಡೂದು? ಎಡಗಾಲಿಂದಂತೂ ಅವಗ ಇನ್ನ ಬೇಕಾಗೂದೇ ಇಲ್ಲ. ಹ್ಹ ಹ್ಹ ಹ್ಹ… ಚ್ಯಾಷ್ಟಿ ಮಾಡಿದೆ, ನಗು. ನಗಂಗಿಲ್ಲ? ಬ್ಯಾಡ ಬಿಡು. ಸಡ್ಲ ಆಗತಾವೇನು? ಮುಂದ ಅರಿವಿ ತುರುಕು.

ಕೇಳ ಈಗ. ಸಂಜೀಕ ಬಬಲೇಶ್ವರದವರ ಲಗ್ನ ಐತಿ, ಇಲ್ಲೇ ಅಕ್ಕಿಕಾಳ ಬೀಳೂದು. ದಾದಾಸಾಬ ಅಲ್ಲಿ ಮಂಟಪ ಕಟ್ಟಾಕತ್ಯಾನ, ಅವನ ಆಳುಗಳು ಖುರ್ಚಿ ಇಳಸಾಕತ್ಯಾರ. ಅಷ್ಟರಾಗ ಈ ಲಾನ ಪೂರಾ ಒಂದ ಸಮ ಕೊಯ್ದಿರಬೇಕು. ಟಿಕೋಟಾ ರೋಡಿಗೆ ಇಂಥಾ ಹಚ್ಚಗಿನ ಲಾನ ಇನ್ನೊಂದ ತೋರಸು ನೋಡೂಣ! ನಾನ, ಈ ಶಿವಲಿಂಗ, ಕಣ್ಣಾಗ ಎಣ್ಣಿ ಬಿಟ್ಟಕೊಂಡ ಕಾಯ್ದದ್ದು. ಸುಮ್ಮನ ಸೂಪರವೈಜರ ಮಾಡಿಲ್ಲ ಸಾವ್ಕಾರ್ರು.

ಗಾಡಿ ಹತ್ತೂಕಿಂತ ಮೊದಲ ಏನ ಮಾಡಬೇಕು? …ಬಾಯಿ ಇಲ್ಲೇನ ನಿನಗ? ಮೌನ ಬಂಗಾರ ಅಂತಾರ ಖರೆ, ನಿನ್ನ ಹಂತ್ಯಾಕ ಬಂಗಾರ ಭಾಳ ಆತ ಬಿಡು. ಅಡ್ಡಾಡಿ ನೋಡಬೇಕು! ಕಲ್ಲ, ಮೊಳಿ, ನಿನ್ನೆ ಲಗ್ನದವರ ಹಾರ, ರಿಬ್ಬನ್ನು, ಎಲ್ಲಾ ಆರಸಬೇಕು. ಸಣ್ಣ ಹಳ್ಳು ಬ್ಲೇಡಿಗೆ ಸಿಕ್ಕರ ಬಂದೂಕಿನ ಗುಂಡ ಆಗತೈತಿ. ಆ ದಿಬ್ಬದ ಮ್ಯಾಲ ಅಡ್ಡಡ್ಡ ಹೊಡೀಬ್ಯಾಡ, ಉರುಳತೈತಿ. ನೆಟ್ಟಗ ಏರು, ನೆಟ್ಟಗ ಇಳಿ. ಹಿಂದಕ್ಕ ತಗೋಳೂ ಮುಂದ ಹೊಳ್ಳಿ ನೋಡು. ಇಂಜಿನ್ ಬಿಸಿ ಇದ್ದಾಗ ಪೆಟ್ರೋಲ ಹಾಕಬ್ಯಾಡ. ಮತ್ತ… ಹಾಂ, ಕೀಲಿ! ಇಳಿಯೂ ಮುಂದ ಗಾಡಿ ಬಂದ್ ಮಾಡು, ಕೀಲಿ ತಕ್ಕೊ, ನಿನ್ನ ಮುಷ್ಟ್ಯಾಗ ಇಟಗೊ. ಯಾರ ಕೇಳಿದರೂ ಕೊಡಬ್ಯಾಡ. ಸಾವ್ಕಾರ್ರ ಬಂದ ಕೇಳಿದರೂ ಕೊಡಬ್ಯಾಡ. ನೀ ಬ್ಲೇಡಿಗೆ ಕೈ ಹಾಕಿದಾಗ ಯಾವನರ ಚಾಲೂ ಮಾಡಿದರ? ತಿಳೀತ? ಕೀಲಿ ನಿನ್ನ ಕೈಯಾಗ ಇದ್ದರ ಜೀವ ನಿನ್ನ ಕೈಯಾಗ.

ಏನ ನೋಡಾಕತ್ತಿ ಹಂಗ? …ಸೀಟಿಗೇನ ಆಗೈತಿ? ಸೀಟ ಬರೋಬ್ಬರಿ ಐತಿ!

ಹೋ… ಗೊತ್ತಾತು. ಮಾಳು ಕಥಿ ಹೇಳ್ಯಾನ ಹೌದಿಲ್ಲೊ? ‘ಬ್ಲೇಡಿಗೆ ಹಾರ ಸುತಗೊಂಡಿತ್ತು, ಬಿಡಸಾಕ ಇಳದೆ, ಗಾಡಿ ಬಂದ್ ಆಗಲಿಲ್ಲ, ಕಾಲ ಒಳಗ ಹೋತು…’ ಕುಣಿಯಾಕ ಬರಲಾರದಾಕಿ ನೆಲಾ ಡೊಂಕ ಅಂದ್ಳಂತ! ಲೇ, ಈ ಸೀಟಿನ ಕೆಳಗ ಸ್ವಿಚ್ ಐತಿ. ಕಂಪನಿಯವರ ಇಟ್ಟಿದ್ದು. ಕುಂತಂವ ಎದ್ದಾ ಅಂದ್ರ ಇಂಜಿನ್ ಟಕ್ ಅಂತ ಬಂದ್. ಬ್ಲೇಡೂ ಬಂದ್. ಯಾಕೂಬ ಮಿಸ್ತ್ರಿ ನನ್ನ ಕಣ್ಣ ಮುಂದ ಎದ್ದ ತೋರ್ಸ್ಯಾನ. ಮತ್ತ ನಿನ್ನ ಗಂಡ ಇಳದರ ಹೆಂಗ ಬಂದ್ ಆಗಲಿಲ್ಲ? ಅವಂದೇನ ಗಾಡಿ ಮ್ಯಾಲ ಭಾನಾಮತಿ ಇತ್ತೇನು?

ಅಂವಾ ಇಳದೇ ಇಲ್ಲ. ಕುಡದಿದ್ದ. ಕುಂತಲ್ಲೇ ತೂಕಡಿಸಿ ಕಾಲ ಜೋತ ಬಿಟ್ಟಾನ, ಅಷ್ಟ. ಸಾವ್ಕಾರ್ರಿಗೂ ಇದನ್ನ ಹೇಳೇನಿ.

ಕೊರಳ ಯಾಕ ಮುಟ್ಟಿಕೊಳ್ತಿ? ಓ… ಮಾಳೂನ ತುಳಸಿ ಮಾಲಿ! ಪಂಢರಪುರಕ್ಕ ನಡಕೊಂಡ ಹೋಗಾಂವ, ಮಾಲಿ ಹಾಕಿದಂವ ಕುಡ್ಯಂಗಿಲ್ಲ ಅಂತೀ ಏನು? ಮಾಲಿ ಕೊರಳಿಗೆ ಇರತೈತಿ ಬೇ, ಬಾಯಿಗೆ ಇರಂಗಿಲ್ಲ. ನಿಮ್ಮತ್ತಿ ಭೀಮಾಬಾಯಿನೂ ಜಲನಗರಕ್ಕ ಸಾವ್ಕಾರ್ರ ಮನಿ ತನಾ ಹೋಗಿ ಎದಿ ಎದಿ ಬಡಕೊಂಡ್ಳು, ‘ನನ್ನ ಮಗಾ ಚಾನೂ ಕುಡದಂವಲ್ಲರಿ, ಅವಗೊಂದ ಕಟಗಿ ಕಾಲ ಹಾಕಸ್ರಿ’ ಅಂತ. ಏನಾತು? ಕುಡದಂವಗ ಯಾರ ಕಾಲ ಹಾಕಸ್ತಾರ? ನಿನಗ ಕೆಲಸ ಕೊಟ್ಟದ್ದ ದೊಡ್ಡದು. ಅದೂ ನಾ ಹೂಂ ಅಂದಿದ್ದಕ್ಕ! ಅವನ ಕಂಕುಳಾಗಿನ ಬಡಿಗಿ ನೋಡಿದರ ನನಗೇನ ಕರಳ ಚುರ್ ಅನ್ನಂಗಿಲ್ಲೇನು? …ಅನ್ನಂಗಿಲ್ಲ ಬಿಡು. ಖರೆ ಹೇಳತೇನಿ, ಅನ್ನಂಗಿಲ್ಲ. ಮಾಡಿದ್ದುಣ್ಣೊ ಮಹಾರಾಯ!

ಹತ್ತು. ಹತ್ತಬೇ! ಅಳೂದಿದ್ದರ ಮನ್ಯಾಗ ಅಳು… ಅಳಾಕತ್ತಿಲ್ಲ? ಅದೂ ಇಲ್ಲ? ಎಂಥಾ ಗಟ್ಟಿ ಹೆಂಗಸ ನೀ!

ಕೀಲಿ ತಿರವು. ಹಾಂ! ಬಂತ ನೋಡು. ಈಗ ಹಳದಿ ಗುಂಡಿ ಮ್ಯಾಲಕ್ಕ ಎಳಿ. ಬ್ಲೇಡ ಚಾಲೂ. ಕೇಳತೈತಿ? ಹೆಂಗ ಗುರ್ ಅಂತೈತಿ! ಕಡ್ಡಿ ಇದ್ದಂಗ ಇದ್ದಿ, ಆದರೂ ಪರವಾಗಿಲ್ಲ. ಸಾವಕಾಶ… ಹೋಗು, ಹೋಗು, ನಾ ಬಾಜೂಕ ನಡಕೋತ ಬರತೇನಿ. ಎಡಕ್ಕ! ನೆಟ್ಟಗ! ಶಾಬಾಸ! ಗಂಡನಕಿಂತ ಛಲೋ ಹೊಡೀತಿ!

ಯಾಕ ನಿಂದ್ರಿಸಿದಿ? ಇನ್ನೂ ಒಂದ ಸಾಲ ಸೈತ ಆಗಿಲ್ಲ! …ಏನು? ಹಾರಾ? ಮುಂದ ಒಂದ ಹಾರ ಬಿದ್ದೈತಿ, ಬೀಳಲಿ, ನಾ ತಗೀತೇನಿ. ನೀ ಕುಂದ್ರು. ಒಮ್ಮೆ ಇಳಿಯೂದು ಒಮ್ಮೆ ಹತ್ತೂದು ಅಂದ್ರ ಹೊತ್ತ ಮುಣಗತೈತಿ ಇಲ್ಲೇ. ಕುಂದ್ರ ಅಂದ್ನೆಲ್ಲ!

ನಿರ್ಮಲಾ? ಏ… ಏಳಬ್ಯಾಡ. ಏಳಬ್ಯಾಡ ಅಂದ್ನಿ! ಲೇ, ಕಾಲ ಕೆಳಗ ಬಿಡಬ್ಯಾಡ! ಬ್ಲೇಡ ತಿರಗಾಕತ್ಯಾವ! ಅದು ಬಂದ್ ಆಗಂಗಿಲ್ಲಬೇ, ನೀ ಎದ್ದರೂ ಬಂದ್ ಆಗಂಗಿಲ್ಲ! ಕುಂದ್ರು!

…ಯಾಕ ಹಂಗ ನೋಡತಿ?

ಅಲ್ಲಾ… ನಾ ಏನಂದೆ? ಬಂದ್ ಆಗಂಗಿಲ್ಲ ಅಂದ್ರ… ಇವತ್ತ ಕೆಟ್ಟಿರಬೇಕು. ಮಿಷನ್ ಅಂದ ಮ್ಯಾಲ ಕೆಡತೈತಿ. ನೀ ಮೊದಲ ಕುಂದ್ರ ಯವ್ವಾ, ಕೈ ಮುಗೀತೇನಿ. ಒಂದ ಕಾಲ ಮ್ಯಾಲ ನಿಂತಂಗ ನಿಲ್ಲಬ್ಯಾಡ, ನನ್ನ ಜೀವಾ… ಹಾಂ. ಹಾಂ. ಬಂದ್ ಮಾಡು. ಕೀಲಿ ತಿರವು. ಆತು… ಆತು. ಉಶ್ಶ್.

ಎಟ್ಟ ಸುಮ್ಮನ ಆತ ನೋಡು ಒಮ್ಮಿಂದೊಮ್ಮೆ. ದಾದಾಸಾಬ! ನೀ ಏನ ನೋಡಾಕತ್ತಿ, ಮಂಟಪ ಕಟ್ಟು! ಏ, ನೀವೂ! ಖುರ್ಚಿ ಹಿಡಕೊಂಡ ಯಾಕ ನಿಂತ್ರಿ? ನಾ ಅಂದಿದ್ದು ಅಂಥಾದ್ದೇನಿಲ್ಲ!

ಸೀಟ ಎತ್ತಬ್ಯಾಡ ನಿರ್ಮಲಾ. ಎತ್ತಬ್ಯಾಡ, ಅಲ್ಲೇನೂ… ಅದಾ? ಅದು ಹೂವ ಕಟ್ಟೂ ತಂತಿ. ಎಲ್ಲಿಂದರೆ ಬಂದ ಸಿಗೇ ಬಿದ್ದಿರಬೇಕು. ತಂತಿಗೇನ ಕಾಲ ಇಲ್ಲೇನು, ತಾನ ಬಂದ… ಸುತಗೊಂಡಿರತೈತಿ, ಸ್ವಿಚ್ಚ ಒತ್ತಿ ಹಿಡದಂಗ. ಹೌದಿಲ್ಲೊ? ಎದ್ದಾಗೊಮ್ಮೆ ಬಂದ್ ಆಗಬಾರದು, ಕೆಲಸ ಲಗೂನ ಆಗಬೇಕು ಅಂತ… ಮಾಳೂನೇ ಸುತ್ತಿರಬೇಕು! ಹೂಂ, ಅವನೇ! …ಏನರ ಅನ್ನು! ಬೈಯಿ! ಉಗುಳು ಮಾರಿಗೆ!

ಕೀಲಿ ಕೊಡು. ಗಾಡಿ ಶೆಡ್ಡಿನ್ಯಾಗ ಹಚ್ಚಿ ಬರತೇನಿ, ಒಂದ ಗಳಿಗಿ ಕೆಲಸ. ತಂತಿ ತಗದ ಒಗದಬಿಡ್ತೇನಿ, ಸಾವ್ಕಾರ್ರ ತನಾ ಯಾಕ… ಮಾಳೂಗ ಕಾಲ ಹಾಕಸೂಣು, ನಾನ ಹೇಳತೇನಿ ಅವರಿಗೆ. ಕೊಡು ಯವ್ವಾ. ಯಾಕ ಮುಷ್ಟಿ ಬಿಗೀ ಹಿಡದಿ? ಯಾರ ಹೇಳ್ಯಾರ ನಿನಗ, ಕೀಲಿ ಕೊಡಬ್ಯಾಡಂತ…

…ಹೌದು. ನಾನ ಹೇಳೇನಿ.