ಕೊಕ್ಕರೆಯ ಇನ್ನೊಂದು ಕಾಲು

ಹಳೆಯ ಯುದ್ಧನೌಕೆ ನೋಡಲು ಬಂದವರ ಸಾಲು ಆಮೆಯ ಹಾಗೆ ತೆವಳುತ್ತಿತ್ತು. ಸಾಲಿನಲ್ಲಿದ್ದ ಗಡಿಯಾರ ರಿಪೇರಿಯವನೊಬ್ಬನ ಮುಂದೆ ತಲೆ ನರೆತ ಅಕ್ಕತಂಗಿಯರಿಬ್ಬರು ನಿಂತಿದ್ದರು. ಹಡಗಿನ ಬದಿಯಲ್ಲಿ ಅದರ ಲಾಂಛನ: ನೀಲಿ ಅಲೆಗಳ ಮೇಲೆ ಒಂಟಿಕಾಲಿನ ಬಿಳಿ ಕೊಕ್ಕರೆ. ಅವರ ಮಾತು ಅದರ ಕಡೆ ತಿರುಗಿದ್ದೇ ತಡ, ಅವನ ಕಿವಿ ನೆಟ್ಟಗಾಯಿತು.

“ಕೆಳಗೆ ಏನು ಬರೆದಿದ್ದಾರೆ, ಓದೇ.”

“‘ಒಂದೇ ಕಾಲು ಅಚಲ ನಿಷ್ಠೆಯ ಸಂಕೇತ’ ಅಂತೆ, ಅಕ್ಕ.”

“ನಿಷ್ಠೆಯೂ ಇಲ್ಲ, ಮಣ್ಣೂ ಇಲ್ಲ! ನನಗೆ ಕೊಟ್ಟ ನಕ್ಷೆಯಲ್ಲಿ ಕೊಕ್ಕರೆಗೆ ಎರಡು ಕಾಲಿತ್ತು. ಈ ಹಡಗಿನ ಮೊದಲ ಬಾವುಟಕ್ಕೆ ನಾನೇ ಕಸೂತಿ ಹಾಕ್ತಿದ್ದೆ, ಕಪ್ಪು ದಾರ ಮುಗೀತು. ಇನ್ನೊಂದು ಕಾಲು ನಾಳೆ ಹಾಕೋಣ ಅಂತ ಮನೆಗೆ ಹೋದೆ. ಬೆಳಗ್ಗೆ ಬಂದ್ರೆ ಬಾವುಟವೇ ಇಲ್ಲ, ಆಗಲೇ ಹಡಗಿಗೆ ಏರಿಸಿಬಿಟ್ಟಿದ್ರು!”

“ಯಾರೂ ಬೈಲಿಲ್ವಾ?”

“ಕ್ಯಾಪ್ಟನ್ ನೋಡಿ ‘ಆಹಾ’ ಅಂದ್ರಂತೆ. ಟೋಪಿ, ತಟ್ಟೆ, ಬಾಗಿಲು, ಎಲ್ಲಾ ಕಡೆ ಅದೇ ಬಂತು.”

“ಹಡಗಿನ ಅಧಿಕಾರಿ ಅಲ್ಲೇ ಮೆಟ್ಟಿಲ ಹತ್ತಿರ ನಿಂತಿದ್ದಾರೆ. ಈಗಲಾದ್ರೂ ಹೇಳಿಬಿಡು, ಅಕ್ಕ.”

“ಸುಮ್ನಿರೇ! ಮೂವತ್ತು ವರ್ಷ, ಅದೆಷ್ಟು ಬಿರುಗಾಳಿ, ಈ ಹಡಗು ಆ ಒಂದೇ ಕಾಲಲ್ಲಿ ನಿಂತಿದೆ. ಈಗ ಇನ್ನೊಂದು ಕೊಟ್ಟು ಎಡವಿಸಲಾ?”

ಅಧಿಕಾರಿ ಕೈಹಿಡಿದು ಅಕ್ಕನನ್ನು ಮೆಟ್ಟಿಲು ಹತ್ತಿಸಿದರು. ತಂಗಿ ನಗು ತಡೆಯಲು ತುಟಿ ಕಚ್ಚಿಕೊಂಡು ಹಿಂದೆ ನಡೆದಳು.