ಬಾಗಿಲು ತೆಗೆಯುವ ಸಾಲು

ಆಸ್ಪತ್ರೆಯ ಲಿಫ್ಟಿನೆದುರು ಬೆಂಚಿನಲ್ಲಿ ಕಾಯುತ್ತಿದ್ದೆ. ಲಿಫ್ಟಿಗೆ ಲ್ಯಾಪ್‌ಟಾಪ್ ಜೋಡಿಸಿಕೊಂಡು ತಂತ್ರಜ್ಞೆಯೊಬ್ಬಳು ನನ್ನ ಪಕ್ಕ ಕೂತಿದ್ದಳು. ಹಿರಿಯ ಮೆಕ್ಯಾನಿಕ್ ಬೆವರೊರೆಸುತ್ತ ನಿಂತಿದ್ದ.

“ಯಾಕೆ ನಿಂತ್ಹೋಯ್ತು?” ಎಂದು ಅವಳನ್ನು ಕೇಳಿದ.

“ಬೆಳಿಗ್ಗೆ ಟೆಸ್ಟಿಂಗ್‌ಗೆ ಅಂತ ಲಿಫ್ಟ್ ನಡೆಸೋ ಸ್ಕ್ರಿಪ್ಟಲ್ಲಿ ಒಂದು ಸಾಲಿಗೆ ಬ್ರೇಕ್‌ಪಾಯಿಂಟ್, ಅದೇ ನಿಲ್ಲೋ ಗುರುತು, ಹಾಕಿದ್ದೆ ಸಾರ್. ತೆಗೆಯೋದು ಮರೆತೆ. ಆ ಸಾಲಿಗೆ ಬಂದು ನಿಂತ್ಬಿಟ್ಟಿದೆ.”

“ಡೀಬಗರಲ್ಲಿ ಮುಂದಕ್ಕೆ ಬಿಡು ಮತ್ತೆ. ಒಂದು ಕೀ ಒತ್ತಿದ್ರಾಯ್ತು ತಾನೆ?”

“ಮುಂದಿನ ಸಾಲು ಬಾಗಿಲು ತೆಗೆಯೋದು.”

“ತೆಗೀಲಿ ಬಿಡು.”

“ಲಿಫ್ಟು ಎರಡು ಮಹಡಿ ಮಧ್ಯೆ ಇದೆ ಸಾರ್. ಕ್ಯಾಮೆರಾದಲ್ಲಿ ನೋಡಿ, ಒಳಗಿರೋ ಅಜ್ಜಿ ಬಾಗಿಲಿಗೇ ಒರಗಿದ್ದಾರೆ.”

“ಅಯ್ಯೋ, ಕೈ ತೆಗಿ ಅಲ್ಲಿಂದ! ಮೋಟರ್ ರೂಮಿನ ಬೀಗದ ಕೈ ತಗೊಂಡು ಬಾ, ಕರೆಂಟೇ ತೆಗೆದುಬಿಡೋಣ.”

ಅವಳು ಲ್ಯಾಪ್‌ಟಾಪನ್ನು ನನ್ನ ತೊಡೆಯ ಮೇಲಿಟ್ಟಳು.

“ಅಂಕಲ್, ಯಾವ ಕೀನೂ ಮುಟ್ಬೇಡಿ.”

ಇಬ್ಬರೂ ಎದ್ದೆವೋ ಬಿದ್ದೆವೋ ಎಂದು ಮೆಟ್ಟಿಲು ಹತ್ತಿದರು.

ಲಿಫ್ಟಿನೊಳಗಿಂದ ಅಜ್ಜಿಯ ದನಿ ಕೇಳಿತು: “ಯಾರಾದ್ರೂ ಬಾಗಿಲು ತೆಗೀರಪ್ಪಾ!”