ಅಲ್ ವಕ್ರಾದ ಬಾಲ್ಕನಿ

ಹಲೋ… ಹಲೋ, ಯಾರು ಮಾತಾಡೋದು? ಈ ನಂಬರ್ ನನ್ನತ್ರ ಇಲ್ಲ ಮಾರಾಯ್ರೇ. ಕ್ರೆಡಿಟ್ ಕಾರ್ಡಿನವರಾದ್ರೆ ಬೇಡ, ಒಂದು ಉಂಟು, ಅದನ್ನೇ ಮುಚ್ಚಲಿಕ್ಕೆ ನೋಡ್ತಿದ್ದೇನೆ…

ಪೂವಕ್ಕನಾ? ಯಾವ ಪೂವಕ್ಕ… ಹಾಂ ಹಾಂ, ಗೊತ್ತಾಯ್ತು, ಹೆಜಮಾಡಿಯ ನಮ್ಮ ಪಕ್ಕದ ಮನೆ ಪೂವಕ್ಕ. ಶರಣನೇ ಮಾತಾಡೋದು. ಅಲ್ಲ, ಇದು ಇಲ್ಲಿಯ ನಂಬರಲ್ವಾ? ನೀವು ಊರಲ್ಲಿ ಇರ್ಬೇಕಿತ್ತಲ್ಲ…

ದೋಹಾದಲ್ಲಾ.

ಎಂತ ಇಲ್ಲ, ತಲೆ ತಾಗಿತು. ಗಡಿಬಿಡಿಯಲ್ಲಿ ಎದ್ದೆ, ಹಾಗೆ… ಎಲ್ಲಿಗೆ ತಾಗಿದ್ದಾ? ಇಲ್ಲಿ ಒಂದು… ಕಪಾಟು ಉಂಟು. ಇಲ್ಲ ಪೂವಕ್ಕ, ನೀವು ಬಂದದ್ದು ಖುಷಿಯೇ. ಖುಷಿ ಆದ್ರೆ ನನ್ನ ಸ್ವರ ಹೀಗೇ ಆಗುವುದು…

ಲಂಡನ್ನಿಗಾ, ಮಗಳು ಸ್ವರ್ಣಲತಾನ ಬಾಣಂತನಕ್ಕಾ. ಒಳ್ಳೆಯದಾಯ್ತು. ಮುಂದಿನ ವಿಮಾನ ರಾತ್ರಿಗೆ, ಅಷ್ಟರವರೆಗೆ ಊರು ಸುತ್ತುವ ಅಂತ. ಹೊರಗೆ ಬಿಟ್ರಾ ನಿಮ್ಮನ್ನು? ಮಗಳು ಎಲ್ಲ ಆನ್‌ಲೈನಲ್ಲೇ ಮಾಡಿ ಕೊಟ್ಟಿದ್ದಾಳಾ. ದೊಡ್ಡ ಬ್ಯಾಗು ಸೀದಾ ಲಂಡನ್ನಿಗೆ, ಕೈಯಲ್ಲಿ ಒಂದು ಚೀಲ ಮಾತ್ರ. ಸರಿ ಸರಿ. ಮತ್ತೆ ಈ ಫೋನು ಯಾರದ್ದು…

ಮೆಟ್ರೋದಲ್ಲಿ ಪಕ್ಕದಲ್ಲಿ ಕೂತ ನರ್ಸಿನದ್ದಾ. ಪರಿಚಯ ಆಗಿ ಎಷ್ಟು ಹೊತ್ತಾಯ್ತು? ಒಂದು ಸ್ಟೇಷನ್. ಅಷ್ಟರಲ್ಲಿ ಫೋನೂ ಕೊಟ್ರಾ. ಮಲಯಾಳಿಯಾ? ನಿಮ್ಮ ಮಲಯಾಳ ಅವರಿಗೆ ಅರ್ಥ ಆಯ್ತಾ… ಆಗ್ಲಿಲ್ಲ, ಆದ್ರೂ ಕೊಟ್ರು. ಸರಿ.

ಖರ್ಚಿಲ್ಲದೆ ನೋಡುವಂಥದ್ದಾ? ಅದಕ್ಕೆ ನೀವು ಸರಿಯಾದ ಮನುಷ್ಯನಿಗೇ ಫೋನ್ ಮಾಡಿದ್ದೀರಿ. ಕೇಳಿ. ಟ್ಯಾಕ್ಸಿ ಹತ್ತಲೇ ಬೇಡಿ. ಮೊದಲು ಸೂಕ್ ವಾಕಿಫ್ ಅಂತ ಹಳೆ ಪೇಟೆ ಉಂಟು, ಅಲ್ಲಿ ಇಳೀರಿ. ನೋಡ್ಲಿಕ್ಕೆ ದುಡ್ಡಿಲ್ಲ, ಮುಟ್ಟಿದ್ರೆ ಅಂಗಡಿಯವ ಮಾತಾಡಿಸ್ತಾನೆ, ಆದ್ದರಿಂದ ಕೈ ಹಿಂದೆ ಕಟ್ಟಿಕೊಂಡು ನಡೀರಿ. ಗಿಡುಗ ಮಾರುವ ಅಂಗಡಿ ಉಂಟು, ಗಿಡುಗಗಳು ಕಣ್ಣಿಗೆ ಟೋಪಿ ಹಾಕ್ಕೊಂಡು ಕೂತಿರ್ತವೆ. ಅಲ್ಲಿಂದ ಕಾರ್ನಿಶ್‌ಗೆ ನಡೆದೇ ಹೋಗ್ಬಹುದು, ಈಗ ಚಳಿಗಾಲ ಅಲ್ವಾ. ಸಮುದ್ರದ ಬದಿಯಲ್ಲಿ ಉದ್ದಕ್ಕೆ ದಾರಿ. ದೋಣಿಯವ ಕರೀತಾನೆ, ಹತ್ತಬೇಡಿ, ನೀರಲ್ಲಿ ಒಂದು ಸುತ್ತು ಹಾಕಿ ಅಲ್ಲಿಯೇ ತಂದು ಬಿಡುವುದು. ಕಾಲು ನೋವಾದ್ರೆ ಮ್ಶೆರೆಬ್‌ನಲ್ಲಿ ಟ್ರಾಮ್ ಫ್ರೀ, ಎಷ್ಟು ಸಲ ಬೇಕಾದ್ರೂ ಸುತ್ತಬಹುದು, ಏಸಿ ಉಂಟು. ನಾನು ಅದರಲ್ಲಿ ಒಮ್ಮೆ ನಿದ್ದೆ ಕೂಡ ಮಾಡಿದ್ದೇನೆ. ಚಾ ಕುಡಿಯುವುದಾದ್ರೆ ಸಮುದ್ರ ಕಾಣುವ ಕಡೆ ಬೇಡ, ಹಿಂದಿನ ಗಲ್ಲಿಯಲ್ಲಿ ಕರಕ್ ಚಾ ಕುಡೀರಿ. ಚಾ ಅದೇ, ಸಮುದ್ರ ಕಾಣುವುದಿಲ್ಲ ಅಷ್ಟೇ…

ಸಮುದ್ರ ಬೇಡ್ವಾ? ಹೌದು, ನಿಮ್ಮ ಅಂಗಳದ ಆಚೆಯೇ ಉಂಟು. ಆದ್ರೆ ಇಲ್ಲಿಯದ್ದು ಬೇರೆ ಪೂವಕ್ಕ, ಇದರಲ್ಲಿ ಅಲೆ ಇಲ್ಲ… ಅಲೆ ಇಲ್ಲದ ಸಮುದ್ರದಲ್ಲಿ ನೋಡ್ಲಿಕ್ಕೆ ಎಂತ ಉಂಟು ಅಂತ. ಅದೂ ಹೌದು.

ಮತ್ತೆ ನಿಮಗೆ ಎಂತ ನೋಡ್ಬೇಕು… ನನ್ನ ಮನೆಯಾ.

ಬಾಲ್ಕನಿ. ಹಾಂ. ಫೋಟೋ ಕಳಿಸಿದ್ದೆ, ಹೌದು. ಅಮ್ಮ ನಿಮಗೂ ತೋರಿಸಿದ್ರಾ. ಇಡೀ ಓಣಿಗೆ ತೋರಿಸಿದ್ರಾ. ಹೌದು, ಸಮುದ್ರ ಕಾಣ್ತದೆ. ಈಗ ತಾನೇ ನೀವು ಸಮುದ್ರ ಬೇಡ ಅಂದ್ರಲ್ಲ… ಒಂದು ನಿಮಿಷ ಇರಿ, ಹಾಲು ಉಕ್ಕುವ ಹಾಗೆ ಉಂಟು.

ನವಾಝ್, ಮಿಕ್ಸಿ ನಿಲ್ಲಿಸು. ನಿಲ್ಲಿಸು ಮಾರಾಯ. ನಮ್ಮ ಊರಿನ ಪೂವಕ್ಕ ಬಂದಿದ್ದಾರೆ, ಮನೆ ನೋಡ್ಬೇಕಂತೆ. ಈ ಮನೆಯಲ್ಲ, ಅಲ್ ವಕ್ರಾದಲ್ಲಿ ನನ್ನ ಆಫೀಸಿನ ಲಿಯೋನ ಫ್ಲ್ಯಾಟು. ಅದರ ಬಾಲ್ಕನಿಯಲ್ಲಿ ನಿಂತು ಫೋಟೋ ತೆಗೆದು ಅಮ್ಮನಿಗೆ ನನ್ನ ಮನೆ ಅಂತ ಕಳಿಸಿದ್ದೇನಲ್ಲ… ಇಲ್ಲಿಗೆ ಹೇಗೆ ಕರ್ಕೊಂಡು ಬರುವುದು? ಅಲ್ ಗರಾಫಾದಲ್ಲಿ ಒಂದು ಕೋಣೆ, ಮೂರು ಜನ, ಒಂದರ ಮೇಲೊಂದು ಬಂಕ್ ಮಂಚ. ನನ್ನ ಅಪ್ಪ ಮಸ್ಕತ್ತಿನಲ್ಲಿ ಬಂಕಿನಲ್ಲಿ ಮಲಗಿಯೇ ಆಯುಷ್ಯ ಕಳೆದದ್ದು. ನಾನು ಹೊರಡುವಾಗ ಅಮ್ಮ ಒಂದೇ ಮಾತು ಹೇಳಿದ್ದು, ಬಂಕಿನಲ್ಲಿ ಮಲಗುವ ಹಾಗಾದ್ರೆ ಕೆಲಸ ಬಿಟ್ಟು ಮನೆಗೆ ಬಾ ಅಂತ. ಪೂವಕ್ಕ ನೋಡಿದ್ರೆ ಖಲಾಸ್, ಅಮ್ಮ ನನ್ನನ್ನು ವಾಪಸ್ ಕರೆಸ್ತಾರೆ. ನೀನು ಲಿಯೋನಿಗೆ ಫೋನ್ ಮಾಡು, ಮಧ್ಯಾಹ್ನಕ್ಕೆ ಮನೆ ಕೊಡ್ತಾನಾ ಕೇಳು.

ಹಾಂ ಪೂವಕ್ಕ, ಹೇಳಿ. ಇಲ್ಲ, ಉಕ್ಕಲಿಲ್ಲ… ಮಿಕ್ಸಿಯಾ? ಅದು ಪಕ್ಕದ ಫ್ಲ್ಯಾಟಿನದ್ದು. ಗೋಡೆ ತೆಳು…

ಅಲ್ಲ, ನಾನು ಹೇಳೋದು ಎಂತ ಅಂದ್ರೆ, ಅಲ್ ವಕ್ರಾ ದೂರ. ನೀವು ಖರ್ಚು ನೋಡುವವರು, ಸುಮ್ನೆ ಯಾಕೆ… ದಿನದ ಟಿಕೆಟ್ ತಗೊಂಡಿದ್ದೀರಾ? ಹೌದು, ಅದರಲ್ಲಿ ಎಲ್ಲಿಗೆ ಬೇಕಾದ್ರೂ ಹೋಗ್ಬಹುದು. ಅದನ್ನು ನಿಮಗೆ ಹೇಳಿದ್ದು ಯಾರು? ನರ್ಸಾ. ಒಳ್ಳೆ ಹೆಂಗಸು.

ಈಗ ಯಾವ ಸ್ಟೇಷನ್ ಬಂತು? ಬೋರ್ಡ್ ಓದಿ… ಫ್ರೀ ಝೋನಾ. ಪೂವಕ್ಕ, ಅದು ಪೇಟೆಯ ದಿಕ್ಕಲ್ಲ. ಅದು ಅಲ್ ವಕ್ರಾದ ದಿಕ್ಕು… ಅವರ ಮನೆಯೂ ಅಲ್ಲಿಯೇಯಾ. ನಿಮ್ಮನ್ನು ನನ್ನ ಬಾಗಿಲವರೆಗೆ ಬಿಟ್ಟು ಹೋಗ್ತಾರಾ. ಪಾಪ, ಡ್ಯೂಟಿ ಮುಗಿಸಿ ಬಂದವರಿಗೆ ಯಾಕೆ ತೊಂದರೆ…

ಲಿಫ್ಟ್ ಹಾಳಾಗಿದೆ ಪೂವಕ್ಕ. ಅದನ್ನು ಹೇಳ್ಲಿಕ್ಕೆ ಮರೆತೆ… ಮೆಟ್ಟಿಲು ಹತ್ತುತ್ತೀರಾ. ಕಾಲು ನೋವಿಲ್ವಾ ಈಗ? ಕಮ್ಮಿ ಆಯ್ತಾ. ಸಂತೋಷ. ಆದ್ರೆ ನಾನು ಮನೆಯಲ್ಲಿಲ್ಲ, ಆಫೀಸಲ್ಲಿದ್ದೇನೆ… ಶುಕ್ರವಾರ ಇಲ್ಲಿ ಎಲ್ಲರಿಗೂ ರಜೆ ಅಂತ ನರ್ಸ್ ಹೇಳಿದ್ರಾ. ಆಫೀಸಿನಲ್ಲಿ ಹಾಲು ಉಕ್ಕುವುದು ಹೇಗೆ ಅಂತ ಕೂಡ ಅವರೇ ಕೇಳಿದ್ದಾ, ನೀವಾ…

ಒಂದು ನಿಮಿಷ. ಎಂತ ಆಯ್ತು ನವಾಝ್? ಎತ್ತುವುದಿಲ್ವಾ? ಶುಕ್ರವಾರ ಅಲ್ವಾ, ಲಿಯೋ, ಎಡ್ನಾ, ಮಕ್ಕಳು ಎಲ್ಲ ಇಗರ್ಜಿಗೆ, ಪ್ರಾರ್ಥನೆಗೆ ಹೋಗಿರ್ತಾರೆ. ಮೆಸೇಜ್ ಹಾಕು, ಅರ್ಜೆಂಟ್ ಅಂತ ಹಾಕು… ಹಾಕಿದೆಯಾ? ಎಂತ ಬಂತು? ಯಾರು ತೀರಿಕೊಂಡದ್ದು ಅಂತ ಕೇಳಿದ್ದಾನಾ. ಸದ್ಯಕ್ಕೆ ಯಾರೂ ಇಲ್ಲ ಅಂತ ಬರೆ.

ಹಲೋ, ಹಾಂ, ಲೈನಲ್ಲೇ ಇದ್ದೇನೆ. ಈಗ ರಾಸ್ ಬು ಫೊಂತಾಸಾ. ಅದರ ನಂತರದ್ದೇ ಅಲ್ ವಕ್ರಾ, ಕೊನೆಯ ಸ್ಟೇಷನ್… ನನ್ನ ಸ್ವರಕ್ಕೆ ಎಂತ ಆಗ್ಲಿಲ್ಲ. ಚೀಲದಲ್ಲಿ ಎಂತ ಉಂಟು ಹೇಳಿ. ಅಮ್ಮ ಕೊಟ್ಟದ್ದಾ? ನನ್ನ ಕೈಗೇ ಕೊಡ್ಬೇಕಾ…

ಬೆಡ್‌ಶೀಟ್. ಬೆಡ್‌ಶೀಟ್ ಇಲ್ಲಿ ಸಿಗುವುದಿಲ್ವಾ ಪೂವಕ್ಕ, ಅಲ್ಲಿಂದ ಹೊರುವುದು ಯಾಕೆ… ಮೂರಾ? ನಾನೊಬ್ಬನಿಗೆ ಮೂರು ಯಾಕೆ… ಸಿಂಗಲ್. ಸಿಂಗಲ್ ಮೂರು.

ಮತ್ತೆ? ಮಿಡಿ ಉಪ್ಪಿನಕಾಯಿ, ಹಾಂ, ನಾನು ಕೇಳಿದ್ದೆ. ಎರಡು ಬಾಟ್ಲಿ ಯಾಕೆ… ಒಂದರಲ್ಲಿ ಖಾರ ಕಮ್ಮಿ. ಖಾರ ಕಮ್ಮಿಯದ್ದು ಯಾರಿಗೆ…

ಫಾಯಿಝ್‌ಗೆ.

ಪೂವಕ್ಕ, ಫಾಯಿಝ್‌ನ ಹೊಟ್ಟೆ ಸರಿ ಇಲ್ಲ ಅಂತ ಅಮ್ಮನಿಗೆ ಹೇಗೆ ಗೊತ್ತು? ನನ್ನ ಕೋಣೆಯಲ್ಲಿ ಫಾಯಿಝ್ ಅಂತ ಒಬ್ಬ ಇದ್ದಾನೆ ಅಂತಲೇ ಹೇಗೆ ಗೊತ್ತು… ನಾನಾ? ನಾನು ಯಾವಾಗ ಹೇಳಿದ್ದು… ಫೋನಿಗೆ ಕೈ ಮುಚ್ಚಿ ಇವರ ಹತ್ರ ಮಾತಾಡುವಾಗ. ಕೈ ಮುಚ್ಚಿದ್ರೆ ಕೇಳ್ತದಾ?

ಹಾಗಾದ್ರೆ ನೀವೂ ಈಗ… ಮಿಕ್ಸಿಯಿಂದ ಹಿಡಿದು. ಯಾರು ತೀರಿಕೊಂಡದ್ದು ಅನ್ನುವವರೆಗೆ. ಸರಿ.

ಇಲ್ಲ, ಇಟ್ಟಿಲ್ಲ. ಇದ್ದೇನೆ. ನಾಚಿಕೆ ಆಗ್ತದೆ ಪೂವಕ್ಕ… ಬಂಕಿನ ವಿಷಯವೂ ಅಮ್ಮನಿಗೆ ಗೊತ್ತುಂಟಾ? ಯಾವಾಗಿನಿಂದ… ಕಳೆದ ರಜೆಯಲ್ಲಿ ನಾನು ಬಂದಾಗ. ಆಗ ಫೋನೇ ಇಲ್ಲ, ನಾನು ಎದುರಿಗೇ ಇದ್ದೆನಲ್ಲ. ಆ ವಿಷಯ ಬಾಯಿ ಬಿಡ್ಲಿಲ್ಲ ನಾನು… ಬೆಳಿಗ್ಗೆ ಏಳುವಾಗ? ಏಳುವಾಗ ಎಂತ ಮಾಡಿದೆ…

ತಲೆ ತಗ್ಗಿಸಿ ಎದ್ದೆ.

ಹೌದು, ಮೇಲೆ ಎಂತ ಇಲ್ಲ ಅಲ್ಲಿ. ಫ್ಯಾನು ಮಾತ್ರ, ಅದೂ ಎಷ್ಟೋ ಮೇಲೆ. ಆದ್ರೂ ತಗ್ಗಿಸಿದೆನಾ… ದಿನಾ. ಅಪ್ಪ ಕೂಡ ರಜೆಗೆ ಬಂದಾಗ ಹಾಗೇ ಏಳ್ತಿದ್ರಾ. ನನಗೆ ನೆನಪಿಲ್ಲ. ಅಮ್ಮನಿಗೆ ಇರ್ತದೆ.

ಅಲ್ಲ, ಒಂದು ದಿನ ಬೆಳಿಗ್ಗೆ ನನಗೆ ಎರಡು ಸಲ ಚಾ ಕೊಟ್ಟಿದ್ರು. ಒಂದರಲ್ಲೂ ಸಕ್ಕರೆ ಇರ್ಲಿಲ್ಲ. ನಾನು ಕೇಳಲೂ ಇಲ್ಲ, ಕುಡಿದೆ. ಅದೇ ದಿನ ಇರ್ಬೇಕು…

ಹಾಗಾದ್ರೆ ಈಗ ಎಂತ ಅಂತೆ, ಕೆಲಸ ಬಿಟ್ಟು ಬಾ ಅಂತಾರಾ? ನೀವು ಅದನ್ನು ಹೇಳ್ಲಿಕ್ಕೇ ಬಂದದ್ದಾ… ಮತ್ತೆ? ನಿಧಾನ ಹೇಳಿ, ರೈಲಿನ ಶಬ್ದ… ತಲೆ ತಗ್ಗಿಸುವುದಾದ್ರೆ ಮೇಲೆ ಇನ್ನೊಂದು ಮಂಚ ಉಂಟು, ಕೆಳಗಿನ ಬಂಕೇ ಇರ್ಬೇಕು ಅಂತ. ಅಪ್ಪನಿಗೆ ಕೆಳಗಿನದ್ದು ಸಿಗುವಾಗ ಕೂದಲು ಬೆಳ್ಳಗಾಗಿತ್ತು. ಮಗನಿಗೆ ಇಷ್ಟು ಬೇಗ ಸಿಕ್ಕಿದೆ, ಏಣಿ ಹತ್ತಿ ಇಳಿಯುವುದಿಲ್ಲ, ಅಷ್ಟಾದ್ರೂ ಆಯ್ತಲ್ಲ ಅಂತ… ಹಾಗೆ ಸಮಾಧಾನ ಮಾಡಿಕೊಂಡಿದ್ದಾರಾ. ಅದನ್ನು ನೋಡಿ ಬಾ ಅಂತ ನಿಮ್ಮನ್ನು ಕಳಿಸಿದ್ದಾ.

ಹೌದು ಪೂವಕ್ಕ. ಕೆಳಗಿನದ್ದೇ.

ಬನ್ನಿ, ಇಲ್ಲಿಗೇ ಬನ್ನಿ. ಅದೇ ಟಿಕೆಟ್ ನಡೀತದೆ. ನೀವು ಅಲ್ ವಕ್ರಾದಲ್ಲಿ ಇಳಿದು ಸ್ಟೇಷನ್ ಒಳಗೇ ಬೆಂಚಿನಲ್ಲಿ ಕೂತಿರಿ, ನಾನೇ ಬಂದು ಕರ್ಕೊಂಡು ಬರ್ತೇನೆ. ಮೆಟ್ರೋ ಇಳಿದ ಮೇಲೆ ಇಲ್ಲಿಗೆ ಬಸ್ಸೂ ಫ್ರೀ. ಊಟ ಇಲ್ಲಿಯೇ, ನವಾಝ್ ಮಸಾಲೆ ಅರೆದಿದ್ದಾನೆ… ಸ್ಟೇಷನ್ ಬಂತಾ? ಒಂದೇ ನಿಮಿಷ ಇರಿ, ಈ ಸಲ ಸರಿಯಾಗಿ ಮ್ಯೂಟ್ ಒತ್ತುತ್ತೇನೆ.

ನವಾಝ್, ಯಲ್ಲಾ, ಫಾಯಿಝ್‌ನನ್ನು ಎಬ್ಬಿಸು. ಅವನ ಹಾಸಿಗೆ ಮೇಲೆ ಹಾಕು, ನನ್ನದು ಕೆಳಗೆ. ಸಂಜೆವರೆಗೆ ಮಾತ್ರ. ಮೇಲಿನ ಬಂಕಿನಲ್ಲಿ ಸೀಲಿಂಗಿಗೆ ಕೂಡ ತಲೆ ತಗ್ಗಿಸ್ಬೇಕು ಅಂತ ಅಮ್ಮನಿಗೆ ಗೊತ್ತಿಲ್ಲ ಮಾರಾಯ, ಪಾಪ…

ಹಲೋ… ಪೂವಕ್ಕ, ನಗ್ತಾ ಇದ್ದೀರಾ?

ಅಳ್ತಾ ಇದ್ದೀರಾ? ಮ್ಯೂಟ್ ಆಗ್ಲಿಲ್ವಾ… ನರ್ಸಿಗೆ ಬಸ್ಸು ಬಂತಾ, ಫೋನ್ ಕೊಡ್ಬೇಕಾ. ಕೊಡಿ, ಕೊಡಿ. ಒಂದೇ ಮಾತು ಪೂವಕ್ಕ, ಅಮ್ಮನಿಗೆ ಕೆಳಗಿನದ್ದು ಅಂತಲೇ ಹೇಳಿ, ಆಯ್ತಾ. ನೀವು ಬರುವಾಗ ಕೆಳಗಿನದ್ದೇ ಇರ್ತದೆ, ನೀವು ನೋಡಿದ್ದನ್ನೇ ಹೇಳಿದ ಹಾಗಾಯ್ತಲ್ಲ… ಹೇಳ್ತೀರಲ್ವಾ… ಪೂವಕ್ಕ…

ಹಲೋ…